ಡಾಂಬರು ಮಿಕ್ಸ್ ಬಿರುಕು ತಡೆಯುತ್ತಾ? ಲ್ಯಾಬಿನಲ್ಲಿ ಪರೀಕ್ಷಿಸುವ ಬಗೆ

ಆ ರಸ್ತೆಗೆ ಎರಡೇ ಮಳೆಗಾಲ ಆಗಿತ್ತು. ಲಾರಿಗಳ ಚಕ್ರ ಓಡುವ ಜಾಗದಲ್ಲಿ ಮೊಸಳೆ ಚರ್ಮದ ಹಾಗೆ ಬಿರುಕು ಎದ್ದಿತ್ತು. ವಾಪಸ್ ಬಂದು ಲ್ಯಾಬಿನ ರಿಜಿಸ್ಟರ್ ತೆಗೆದೆ. ಮಾರ್ಷಲ್ ಸ್ಟೆಬಿಲಿಟಿ, ಅಂದರೆ ಒತ್ತಿದಾಗ ಮಿಕ್ಸ್ ಹೊತ್ತ ಗರಿಷ್ಠ ಭಾರ, 14 ಕಿಲೋನ್ಯೂಟನ್. ಬೇಕಿದ್ದದ್ದು 9. ಫ್ಲೋ (ಆಗ ಅದು ಕುಗ್ಗಿದ ಅಳತೆ) ಸರಿ ಇತ್ತು, ಏರ್ ವಾಯ್ಡ್ಸ್ (ಒಳಗಿನ ಗಾಳಿಯ ಪಾಲು) ಸರಿ ಇತ್ತು. ಪ್ರತಿ ಸಾಲಿನ ಮುಂದೆಯೂ ಪಾಸ್. ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ರಿಜಿಸ್ಟರಿನಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಆ ಮಿಕ್ಸ್ ಬಿರುಕು ತಡೆಯುತ್ತದೆಯೇ ಅಂತ ನಾವು ಕೇಳಿಯೇ ಇರಲಿಲ್ಲ, ಅಷ್ಟೇ. ಮಾರ್ಷಲ್ ಪರೀಕ್ಷೆಯಲ್ಲಿ ಮಿಕ್ಸಿನಿಂದ ಮಾಡಿ 60 ಡಿಗ್ರಿ ಬಿಸಿನೀರಿನಲ್ಲಿ ಇಟ್ಟ ದುಂಡು ಬಿಲ್ಲೆಯನ್ನು ಒತ್ತುತ್ತೇವೆ. ಸುಡುಬಿಸಿಲಿನಲ್ಲಿ ಮಿಕ್ಸ್ ಮೆತ್ತಗಾಗಿ ಕುಸಿಯುತ್ತಾ ಅನ್ನುವುದಕ್ಕೆ ಅದು ಉತ್ತರ ಕೊಡುತ್ತದೆ. 1939ರ ಸುಮಾರಿಗೆ ಅಮೆರಿಕದ ಮಿಸಿಸಿಪ್ಪಿಯಲ್ಲಿ ಬ್ರೂಸ್ ಮಾರ್ಷಲ್ ಈ ವಿಧಾನ ರೂಪಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರನ್‌ವೇ ಮಾಡಲು ಅಲ್ಲಿನ ಸೇನೆ ಅದನ್ನು ಬೆಳೆಸಿತು. ಒಳ್ಳೆಯ ಪರೀಕ್ಷೆಯೇ. ಆದರೆ ಸ್ಟೆಬಿಲಿಟಿ ಜಾಸ್ತಿ ಬರಲಿ ಅಂತ ಡಾಂಬರು ಕಡಿಮೆ ಮಾಡುತ್ತಾ ಹೋದರೆ ಮಿಕ್ಸ್ ಒಣಗಿ ಬಿರುಸಾಗುತ್ತದೆ, ಅದು ಮಾರ್ಷಲ್‌ಗೆ ಕಾಣುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಇದನ್ನು ರೊಟ್ಟಿಯಲ್ಲೇ ಹೇಳಬಹುದು. ಖಡಕ್ ರೊಟ್ಟಿ ಗಟ್ಟಿ. ಮುರಿಯಲು ಬಲ ಬೇಕು, ಆದರೆ ಮುರಿಯಿತು ಅಂದರೆ ಪಟ್ ಅಂತ ಎರಡು ಹೋಳು. ಹೆಂಚಿನಿಂದ ಈಗಷ್ಟೇ ಇಳಿಸಿದ ಬಿಸಿ ರೊಟ್ಟಿ ಮೆತ್ತಗೆ. ಒಂದು ಕಡೆ ಹರಿದರೂ ಉಳಿದದ್ದು ಹಿಡಿದುಕೊಂಡಿರುತ್ತದೆ. ರಸ್ತೆಗೆ ಬೇಕಾದದ್ದು ಈ ಹಿಡಿದುಕೊಳ್ಳುವ ಗುಣ. ಬಿರುಕಿನ ಪರೀಕ್ಷೆಯಲ್ಲಿ ಮಿಕ್ಸ್ ಎಷ್ಟು ಭಾರ ಹೊತ್ತಿತು ಅನ್ನುವುದಕ್ಕಿಂತ, ಭಾರ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ ಹೇಗೆ ಸೋತಿತು ಅನ್ನುವುದೇ ಮುಖ್ಯ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಬಿರುಕಿಗೆ ಅಂತಲೇ ಹತ್ತಾರು ಪರೀಕ್ಷೆಗಳಿವೆ. ನಾನು ಇಲ್ಲಿ ಒಂದನ್ನು ಪೂರ್ತಿ ಹೇಳುತ್ತೇನೆ. ಅದರ ಹೆಸರು ಐಡಿಯಲ್-ಸಿಟಿ. ಟೆಕ್ಸಾಸ್ ಎ ಆಂಡ್ ಎಂ ಸಾರಿಗೆ ಸಂಸ್ಥೆಯ ಫುಜಿ ಜೋ ಇದನ್ನು ರೂಪಿಸಿದರು. ಇದರ ಮಾನಕ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ8225. ಕೊನೆಗೆ ಒಂದು ಅಂಕ ಸಿಗುತ್ತದೆ, ಅದು ಜಾಸ್ತಿ ಇದ್ದಷ್ಟೂ ಮಿಕ್ಸ್ ಬಿರುಕು ತಡೆಯುವುದು ಜಾಸ್ತಿ. ಇದನ್ನೇ ಆರಿಸಲು ಕಾರಣ ಸರಳ: ಬಿಲ್ಲೆಯನ್ನು ಕತ್ತರಿಸುವ ಕೆಲಸವಿಲ್ಲ, ಕಚ್ಚು ಕೊರೆಯುವ ಕೆಲಸವಿಲ್ಲ, ಅಂಟು ಹಾಕುವ ಕೆಲಸವಿಲ್ಲ. ಒತ್ತುವ ವೇಗ ನಿಮಿಷಕ್ಕೆ 50 ಮಿ.ಮೀ. ಮಾರ್ಷಲ್ ಯಂತ್ರದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಮ್ಮ ಲ್ಯಾಬಿನ ಮೂಲೆಯಲ್ಲಿ ನಿಂತಿರುವ ಯಂತ್ರವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಮೊದಲು, ಯಾವ ಬಿರುಕು?

ರಸ್ತೆಯ ಬಿರುಕೆಲ್ಲ ಒಂದೇ ಅಲ್ಲ. ಲಾರಿ ಹೋದಾಗಲೆಲ್ಲ ಡಾಂಬರಿನ ಪದರ ಸ್ವಲ್ಪ ಬಾಗುತ್ತದೆ, ತಳದಲ್ಲಿ ಎಳೆತ ಬೀಳುತ್ತದೆ. ಲಕ್ಷಾಂತರ ಸಲ ಹಾಗೆ ಬಾಗಿ ಬಾಗಿ ತಳದಿಂದ ಮೇಲೇಳುವುದು ದಣಿವಿನ ಬಿರುಕು. ಬಿಸಿಲಿಗೆ ಡಾಂಬರು ಒಣಗಿ ಮೇಲಿನಿಂದ ಕೆಳಗೆ ಇಳಿಯುವುದು ಇನ್ನೊಂದು. ಹಳೆಯ ಬಿರುಕಿನ ಮೇಲೆ ಹೊಸ ಪದರ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ತಲೆ ಎತ್ತುವುದು ಮತ್ತೊಂದು. ಹಿಮ ಬೀಳುವ ಊರುಗಳಲ್ಲಿ ಚಳಿಗೆ ಕುಗ್ಗಿ ರಸ್ತೆ ಅಡ್ಡಡ್ಡ ಸೀಳುತ್ತದೆ, ಕರ್ನಾಟಕದಲ್ಲಿ ಅದರ ಚಿಂತೆ ಇಲ್ಲ.

ಐಡಿಯಲ್-ಸಿಟಿ 25 ಡಿಗ್ರಿಯಲ್ಲಿ ನಡೆಯುತ್ತದೆ. ಮೊದಲ ಮೂರು ಬಗೆಯ ಬಿರುಕಿಗೆ ಮಿಕ್ಸ್ ಹೇಗೆ ನಿಲ್ಲಬಹುದು ಅನ್ನುವುದಕ್ಕೆ ಅದು ಸುಳಿವು ಕೊಡುತ್ತದೆ. ಸುಳಿವು ಮಾತ್ರ. ರಸ್ತೆಯ ತಳ ಕುಸಿಯುತ್ತಿದ್ದರೆ, ನೀರು ಹೋಗಲು ಚರಂಡಿಯೇ ಇಲ್ಲದಿದ್ದರೆ ಎಂಥ ಮಿಕ್ಸ್ ಹಾಕಿದರೂ ಬಿರುಕು ಬರುತ್ತದೆ.

ಏನೇನು ಬೇಕು

150 ಮಿ.ಮೀ. ಅಚ್ಚಿರುವ ಜೈರೇಟರಿ ಕಾಂಪ್ಯಾಕ್ಟರ್ (ಮಿಕ್ಸನ್ನು ಅಚ್ಚಿನಲ್ಲಿ ತಿರುಗಿಸುತ್ತಾ ಒತ್ತಿ ಬಿಲ್ಲೆ ಮಾಡುವ ಯಂತ್ರ). ಓವನ್. ವಾಟರ್ ಬಾತ್. ನೀರಿನಲ್ಲಿ ತೂಗಲು ಬುಟ್ಟಿ ಇರುವ ತಕ್ಕಡಿ. ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತುವ ಚೌಕಟ್ಟು. 150 ಮಿ.ಮೀ. ಬಿಲ್ಲೆಗೆ ಅದರ ಒತ್ತುಪಟ್ಟಿಯ ಅಗಲ 19 ಮಿ.ಮೀ. ಆಸುಪಾಸು ಇರುತ್ತದೆ, ಮುಖ ಬಿಲ್ಲೆಯ ದುಂಡಿಗೆ ಹೊಂದುವಂತೆ ಬಾಗಿರುತ್ತದೆ.

ಯಂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಮಾರ್ಷಲ್ ಯಂತ್ರದಲ್ಲಿ ಭಾರ ಅಳೆಯಲು ಪ್ರೂವಿಂಗ್ ರಿಂಗ್ ಅನ್ನುವ ಉಕ್ಕಿನ ಬಳೆ ಇರುತ್ತದೆ, ಮುಳ್ಳು ನೋಡಿ ಬರೆದುಕೊಳ್ಳಬೇಕು. ತುದಿಯ ಭಾರ ಬರೆದುಕೊಳ್ಳಲು ಅದು ಸಾಕು. ಇಲ್ಲಿ ಮಾತ್ರ ಸಾಲದು. ನಮಗೆ ಬೇಕಾದದ್ದು ಇಡೀ ಗೆರೆ, ಅದರಲ್ಲೂ ಇಳಿಯುವ ಗೆರೆ. ಪರೀಕ್ಷೆ ಹದಿನೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ರಿಂಗ್ ತೆಗೆದು ಭಾರವನ್ನು ಎಲೆಕ್ಟ್ರಾನಿಕ್ ಆಗಿ ಅಳೆಯುವ ಲೋಡ್ ಸೆಲ್ ಹಾಕಿಸಿ. ಚಲನೆ ಅಳೆಯಲು ಒಂದು ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿಸಿ. ಸೆಕೆಂಡಿಗೆ ಕನಿಷ್ಠ 40 ಸಲ ಓದಿ ಕಂಪ್ಯೂಟರಿಗೆ ಕಳಿಸುವ ಡಬ್ಬಿಯೊಂದು ಬೇಕು. ಹೊಸ ಯಂತ್ರ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ.

ಹಾಕಿಸಿದ ಮೇಲೆ ವೇಗವನ್ನು ಭಾರ ಇರುವಾಗಲೇ ಪರೀಕ್ಷಿಸಿ. ಖಾಲಿ ಓಡಿಸಿದಾಗ ಎಲ್ಲ ಯಂತ್ರವೂ 50 ತೋರಿಸುತ್ತದೆ. ಬಿಲ್ಲೆ ಗಟ್ಟಿಯಾಗಿ ಎದುರು ನಿಂತಾಗ ದುರ್ಬಲ ಮೋಟಾರು ನಿಧಾನವಾಗುತ್ತದೆ, ತುದಿ ದಾಟಿದ ಮೇಲೆ ಮತ್ತೆ ಓಡುತ್ತದೆ. ಆಗ ನಿಮ್ಮ ಗೆರೆಯ ಅತ್ಯಂತ ಮುಖ್ಯವಾದ ಭಾಗವೇ ಕೆಟ್ಟಂತೆ. ಚಲನೆಯ ದಾಖಲೆಯನ್ನು ಸಮಯದ ಎದುರು ಎಳೆದು ನೋಡಿ. ಗೆರೆ ನೇರವಾಗಿ ಬಂದರೆ ಸರಿ.

ಮಿಕ್ಸ್ ತರುವುದು, ಮಾಗಿಸುವುದು

ಪ್ಲಾಂಟಿನಿಂದ ತರುವುದಾದರೆ ಟಿಪ್ಪರಿನ ಒಂದೇ ಮೂಲೆಯಿಂದ ಎತ್ತಬೇಡಿ. ರಾಶಿಯ ಅಂಚಿಗೆ ದಪ್ಪ ಜಲ್ಲಿ ಉರುಳಿರುತ್ತದೆ. ಮೂರು ನಾಲ್ಕು ಕಡೆಯಿಂದ ಎತ್ತಿ, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಪಾಲು ತೆಗೆದುಕೊಳ್ಳಿ. ಬಿಲ್ಲೆಗೆ ಸುಮಾರು ಎರಡೂವರೆ ಕೆ.ಜಿ. ಬೇಕು. ಐದು ಬಿಲ್ಲೆ, ಸಾಂದ್ರತೆಯ ಪರೀಕ್ಷೆ, ಒಂದೆರಡು ಪ್ರಯೋಗದ ಬಿಲ್ಲೆ ಅಂತ 25 ಕೆ.ಜಿ. ತಂದರೆ ನಿರಾಳ.

ಆದಷ್ಟೂ ಅದೇ ಬಿಸಿಯಲ್ಲಿ ಬಿಲ್ಲೆ ಮಾಡಿ. ಆರಿಸಿಟ್ಟು ಮಾರನೇ ದಿನ ಮತ್ತೆ ಕಾಯಿಸಿದರೆ ಡಾಂಬರು ಇನ್ನಷ್ಟು ಗಟ್ಟಿಯಾಗುತ್ತದೆ, ಅಂಕ ಇಳಿಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಪರವಾಗಿಲ್ಲ, ಆದರೆ ‘ಮತ್ತೆ ಕಾಯಿಸಿದ್ದು’ ಅಂತ ರಿಜಿಸ್ಟರಿನಲ್ಲಿ ಬರೆಯಲೇಬೇಕು. ಬಿಸಿ ಮಿಕ್ಸಿನ ಜೊತೆ ಕಾಯಿಸಿದ ಮಿಕ್ಸಿನ ಅಂಕ ಹೋಲಿಸುವುದು ತಪ್ಪು.

ಲ್ಯಾಬಿನಲ್ಲೇ ಕಲಸಿದ ಮಿಕ್ಸ್‌ಗೆ ಇನ್ನೊಂದು ಹೆಜ್ಜೆ ಇದೆ. ಪ್ಲಾಂಟಿನ ಡ್ರಮ್ಮಿನಲ್ಲಿ, ಟಿಪ್ಪರಿನಲ್ಲಿ ಡಾಂಬರು ಬಿಸಿಗೆ ಒಂದಷ್ಟು ಮಾಗಿ ಗಟ್ಟಿಯಾಗಿರುತ್ತದೆ. ಲ್ಯಾಬಿನ ಮಿಕ್ಸ್ ಮಾಗಿರುವುದಿಲ್ಲ. ಅದಕ್ಕೆ ಟ್ರೇನಲ್ಲಿ 25ರಿಂದ 50 ಮಿ.ಮೀ. ದಪ್ಪಕ್ಕೆ ಹರಡಿ, 135 ಡಿಗ್ರಿ ಓವನ್‌ನಲ್ಲಿ 4 ಗಂಟೆ ಇಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಗಂಟೆಗೊಮ್ಮೆ ಕೈಯಾಡಿಸಬೇಕು. ರಸ್ತೆಯಲ್ಲಿ ವರ್ಷಗಟ್ಟಲೆ ಬಿಸಿಲುಂಡ ಮೇಲೆ ಮಿಕ್ಸ್ ಹೇಗಿರುತ್ತದೆ ಅಂತ ನೋಡಬೇಕೇ? ಆಗ ಇನ್ನೂ ಜಾಸ್ತಿ ಮಾಗಿಸುತ್ತಾರೆ. ಒತ್ತಿದ ಬಿಲ್ಲೆಯನ್ನು 85 ಡಿಗ್ರಿಯಲ್ಲಿ 5 ದಿನ ಇಡುವುದು ಹಳೆಯ ಕ್ರಮ. ಬಿಡಿ ಮಿಕ್ಸನ್ನೇ 135 ಡಿಗ್ರಿಯಲ್ಲಿ 8 ಗಂಟೆ ಇಡುವುದೂ ಇದೆ. ಬಿರುಕು ಸಾಮಾನ್ಯವಾಗಿ ಹೊಸ ರಸ್ತೆಗೆ ಬರುವ ಕಾಯಿಲೆ ಅಲ್ಲ, ಹಳತಾದ ಮೇಲೆ ಬರುವುದು. ಹಾಗಾಗಿ ಮೇಲಿನ ಪದರದ ಮಿಕ್ಸ್‌ಗಾದರೂ ಎರಡೂ ಸ್ಥಿತಿಯಲ್ಲಿ ಪರೀಕ್ಷೆ ಮಾಡಿ ಅನ್ನುತ್ತೇನೆ.

ಕೈಗವಸು ಬಿಡಬೇಡಿ. 150 ಡಿಗ್ರಿಯ ಮಿಕ್ಸ್ ಚರ್ಮಕ್ಕೆ ಅಂಟಿದರೆ ಕಿತ್ತು ಬರುವುದಿಲ್ಲ.

ಬಿಲ್ಲೆ ಮಾಡುವುದು

ನನ್ನ ಅನುಭವದಲ್ಲಿ ಪರೀಕ್ಷೆ ಕೆಡುವುದು ಒತ್ತುವಾಗ ಅಲ್ಲ, ಇಲ್ಲಿ. ಅದಕ್ಕೇ ಇದನ್ನು ನಿಧಾನವಾಗಿ ಓದಿ.

ಬಿಲ್ಲೆಯ ಅಡ್ಡಳತೆ 150 ಮಿ.ಮೀ., ದಪ್ಪ 62 ಮಿ.ಮೀ. (ಜಲ್ಲಿ 19 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದಿದ್ದಾಗ). ಏರ್ ವಾಯ್ಡ್ಸ್ ಶೇ 7, ಹೆಚ್ಚೆಂದರೆ ಅರ್ಧ ಅತ್ತಿತ್ತ. ಮಾರ್ಷಲ್ ಬಿಲ್ಲೆಯಲ್ಲಿ ನಾವು ಶೇ 3ರಿಂದ 5 ನೋಡಿ ಅಭ್ಯಾಸ. ಇಲ್ಲಿ 7 ಯಾಕೆ? ರೋಲರ್ ಓಡಿಸಿ ಮುಗಿಸಿದ ದಿನ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ, ಅದಕ್ಕೆ.

ಕಾಂಪ್ಯಾಕ್ಟರಿಗೆ 62 ಮಿ.ಮೀ. ಎತ್ತರ ಬಂದ ಕೂಡಲೇ ನಿಲ್ಲು ಅಂತ ಹೇಳಬಹುದು. ಹಾಗಾಗಿ ಶೇ 7 ಬರಬೇಕಾದರೆ ತೂಕ ಸರಿಯಾಗಿರಬೇಕು. ಲೆಕ್ಕ ಹೀಗೆ. ಗಾಳಿಯನ್ನು ಪೂರ್ತಿ ಹೀರಿ ತೆಗೆದಾಗ ಬಿಡಿ ಮಿಕ್ಸಿನ ಸಾಂದ್ರತೆ 2.500 ಬಂತು ಅಂದುಕೊಳ್ಳಿ. ಅದರ ಶೇ 93 ಅಂದರೆ 2.325. ಬಿಲ್ಲೆಯ ಗಾತ್ರ 1,096 ಘನ ಸೆಂ.ಮೀ. ಗುಣಿಸಿದರೆ 2,547 ಗ್ರಾಂ.

ಅಷ್ಟೇ ಹಾಕಿ ಒತ್ತಿದರೆ ಏರ್ ವಾಯ್ಡ್ಸ್ 7 ಬರುವುದಿಲ್ಲ, ಅದಕ್ಕಿಂತ ಕಡಿಮೆ ಬರುತ್ತದೆ. ಯಾಕಂದರೆ ಬಿಲ್ಲೆಯ ಮೈ ನುಣುಪಾಗಿರುವುದಿಲ್ಲ. ಜಲ್ಲಿಯ ನಡುವೆ ತಗ್ಗುಗಳಿರುತ್ತವೆ. ಅಚ್ಚಿನ ಅಳತೆಯಲ್ಲಿ ಆ ತಗ್ಗುಗಳೂ ಗಾತ್ರಕ್ಕೆ ಸೇರಿವೆ. ಬಿಲ್ಲೆಯನ್ನು ನೀರಿನಲ್ಲಿ ಮುಳುಗಿಸಿ ತೂಗುವಾಗ ಅವು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಹಾಗಾಗಿ ಮೊದಲು ಒಂದು ಪ್ರಯೋಗದ ಬಿಲ್ಲೆ ಮಾಡಿ, ನಿಜವಾದ ಏರ್ ವಾಯ್ಡ್ಸ್ ಅಳೆದು, ತೂಕ ಸ್ವಲ್ಪ ಇಳಿಸಿ ಎರಡನೆಯದು ಮಾಡಿ. ಎರಡು ಅಥವಾ ಮೂರನೇ ಬಿಲ್ಲೆಗೆ ಅಳತೆ ಕೂತುಕೊಳ್ಳುತ್ತದೆ. ಆ ಮಿಕ್ಸಿಗೆ ಆ ತೂಕ ಬರೆದಿಟ್ಟುಕೊಳ್ಳಿ.

ಅರ್ಧ ಪರ್ಸೆಂಟಿಗೆ ಇಷ್ಟು ಒದ್ದಾಟ ಯಾಕೆ ಅಂತ ನಾನೂ ಮೊದಮೊದಲು ಕೇಳಿದವನೇ. ಒಮ್ಮೆ ಐದು ಬಿಲ್ಲೆಯಲ್ಲಿ ಒಂದರ ಅಂಕ ಉಳಿದವುಗಳಿಗಿಂತ ತುಂಬಾ ಮೇಲೆ ಬಂತು. ಖುಷಿಯಾಯಿತು. ಆಮೇಲೆ ತೂಕದ ಪಟ್ಟಿ ನೋಡಿದರೆ ಆ ಬಿಲ್ಲೆಯ ಏರ್ ವಾಯ್ಡ್ಸ್ ಶೇ 9. ಸರಿಯಾಗಿ ಒತ್ತದ ಬಿಲ್ಲೆ! ಈ ಪರೀಕ್ಷೆಯ ದೊಡ್ಡ ಮೋಸದ ಜಾಗ ಇದು. ಗಾಳಿ ಜಾಸ್ತಿ ಇದ್ದಷ್ಟೂ ಬಿಲ್ಲೆ ಸಡಿಲ, ನಿಧಾನವಾಗಿ ಸೋಲುತ್ತದೆ, ಅಂಕ ಏರುತ್ತದೆ.

ರಸ್ತೆಯಲ್ಲಿ ಆಗುವುದು ಇದಕ್ಕೆ ಪೂರ್ತಿ ಉಲ್ಟಾ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ವಿನ್ಯಾಸದ ಮಾರ್ಗಸೂಚಿ ಐಆರ್‌ಸಿ:37-2018ರಲ್ಲಿ ದಣಿವಿನ ಬಿರುಕಿಗೆ ಒಂದು ಸಮೀಕರಣ ಇದೆ. ಅದರಲ್ಲಿ ಏರ್ ವಾಯ್ಡ್ಸ್ ಮತ್ತು ಡಾಂಬರಿನ ಗಾತ್ರಕ್ಕೆ ಸಿ ಅನ್ನುವ ಒಂದು ಗುಣಕ. ಡಾಂಬರಿನ ಗಾತ್ರ ಶೇ 11.5, ಏರ್ ವಾಯ್ಡ್ಸ್ ಶೇ 3.5 ಇದ್ದರೆ ಸಿ 2.35. ಡಾಂಬರು ಅಷ್ಟೇ ಇಟ್ಟು ಏರ್ ವಾಯ್ಡ್ಸ್ ಶೇ 7 ಮಾಡಿದರೆ ಸಿ 0.47ಕ್ಕೆ ಇಳಿಯುತ್ತದೆ. ಬೇರೆಲ್ಲ ಹಾಗೇ ಇದ್ದರೆ ರಸ್ತೆಯ ಆಯಸ್ಸು ಐದನೇ ಒಂದು ಪಾಲು. ನೋಡಿದಿರಾ? ಲ್ಯಾಬಿನ ಅಂಕ ಏರುವ ಕಡೆಗೇ ರಸ್ತೆಯ ಆಯಸ್ಸು ಇಳಿಯುತ್ತಿದೆ. ಅದಕ್ಕೇ ಏರ್ ವಾಯ್ಡ್ಸ್ ಬೇರೆ ಬೇರೆ ಇರುವ ಬಿಲ್ಲೆಗಳನ್ನು ಈ ಪರೀಕ್ಷೆಯಿಂದ ಹೋಲಿಸಲೇಬಾರದು. 6.5ರಿಂದ 7.5ರ ಹೊರಗೆ ಬಿದ್ದ ಬಿಲ್ಲೆಯನ್ನು ಪಕ್ಕಕ್ಕಿಡಿ. ಎರಡೂವರೆ ಕೆ.ಜಿ. ಮಿಕ್ಸ್ ಹೋದರೆ ಹೋಗಲಿ.

ಜೈರೇಟರಿ ಇಲ್ಲದ ಲ್ಯಾಬಿನವರು ಮಾರ್ಷಲ್ ಅಚ್ಚಿನ 102 ಮಿ.ಮೀ. ಬಿಲ್ಲೆಗೆ ಸುತ್ತಿಗೆಯ ಏಟು ಕಡಿಮೆ ಮಾಡಿ ಶೇ 7 ತಂದುಕೊಂಡು ಒತ್ತಬಹುದು. ನಿಮ್ಮದೇ ಎರಡು ಮಿಕ್ಸ್‌ಗಳಲ್ಲಿ ಯಾವುದು ವಾಸಿ ಅಂತ ತಿಳಿಯಲು ಅದು ಸಾಕು. ಆದರೆ ಆ ಅಂಕವನ್ನು 150 ಮಿ.ಮೀ. ಬಿಲ್ಲೆಯ ಅಂಕದ ಪಕ್ಕ ಇಡಬೇಡಿ.

ತೂಕ ತೆಗೆದ ಮೇಲೆ ಬಿಲ್ಲೆ ಒದ್ದೆಯಾಗಿರುತ್ತದೆ. ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಬೇಗ ಒಣಗಲಿ ಅಂತ ಓವನ್‌ಗೆ ಹಾಕಬೇಡಿ.

25 ಡಿಗ್ರಿ ಅಂದರೆ 25 ಡಿಗ್ರಿ

ಡಾಂಬರು ಉಷ್ಣತೆಗೆ ಎಷ್ಟು ಬೇಗ ಬದಲಾಗುತ್ತದೆ ಅಂತ ಬೇಸಿಗೆಯ ಮಧ್ಯಾಹ್ನ ರಸ್ತೆ ದಾಟಿದವರಿಗೆಲ್ಲ ಗೊತ್ತು. ಎರಡು ಮೂರು ಡಿಗ್ರಿ ಏರಿದರೂ ಮಿಕ್ಸ್ ಮೆತ್ತಗಾಗಿ ಅಂಕ ಮೇಲೆ ಹೋಗುತ್ತದೆ. ಬಿಲ್ಲೆಯನ್ನು ನೀರು ಹೋಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 25 ಡಿಗ್ರಿ ವಾಟರ್ ಬಾತ್‌ನಲ್ಲಿ ಎರಡು ಗಂಟೆ ಇಡಿ.

ಬೆಂಗಳೂರಿನ ಲ್ಯಾಬಿನಲ್ಲಿ ಇದು ಕಷ್ಟವಲ್ಲ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಕೋಣೆಯೇ 38 ಡಿಗ್ರಿ ಇರುತ್ತದೆ. ನಮ್ಮ ಬಹುತೇಕ ವಾಟರ್ ಬಾತ್‌ಗಳು ಕಾಯಿಸುತ್ತವೆ, ತಣಿಸುವುದಿಲ್ಲ. ತಣಿಸುವ ಯಂತ್ರ ಇಲ್ಲದಿದ್ದರೆ ಎ.ಸಿ. ಕೋಣೆ ಮಾಡಿಕೊಂಡು ಅಲ್ಲೇ ಕೆಲಸ ಮಾಡಿ. ಬಾತ್‌ನ ಪರದೆ ತೋರಿಸುವ ಅಂಕಿಯನ್ನು ನಂಬಬೇಡಿ. ಬೇರೆ ಥರ್ಮಾಮೀಟರ್ ಅದ್ದಿ ನೋಡಿ. ಇನ್ನೂ ಒಳ್ಳೆಯದು ಅಂದರೆ, ಒಂದು ಹಳೆಯ ಬಿಲ್ಲೆಯ ನಡುವೆ ತೂತು ಕೊರೆದು ಅದರಲ್ಲಿ ಥರ್ಮಾಮೀಟರ್ ಇಟ್ಟು, ಉಳಿದವುಗಳ ಜೊತೆಗೇ ಮುಳುಗಿಸುವುದು. ಬಿಲ್ಲೆಯ ಹೊಟ್ಟೆ 25ಕ್ಕೆ ಬಂದಾಗ ನಿಮಗೆ ಖಚಿತವಾಗಿ ಗೊತ್ತಾಗುತ್ತದೆ.

ಒತ್ತುವುದು

ಹೊರಗೆ ತೆಗೆದ ಮೇಲೆ ನಾಲ್ಕು ನಿಮಿಷದೊಳಗೆ ಮುಗಿಸಿ. ಎಲ್ಲ ಸಜ್ಜಾದ ಮೇಲೇ ಚೀಲ ಬಿಚ್ಚಿ. ಬಿಲ್ಲೆಯನ್ನು ನಾಣ್ಯ ನಿಲ್ಲಿಸಿದ ಹಾಗೆ ಕೆಳಗಿನ ಪಟ್ಟಿಯ ಮೇಲೆ ನಿಲ್ಲಿಸಿ. ಮೇಲಿನ ಪಟ್ಟಿ ಮುಟ್ಟಿಸಿ, ಸುಮಾರು 0.1 ಕಿಲೋನ್ಯೂಟನ್ ಭಾರ ಕೊಟ್ಟು ಕೂರಿಸಿ. ಎರಡೂ ಪಟ್ಟಿ ಒಂದೇ ನೇರದಲ್ಲಿವೆಯಾ ಅಂತ ಪಕ್ಕದಿಂದ ಒಮ್ಮೆ ನೋಡಿ. ಸ್ವಿಚ್ ಒತ್ತಿ.

ಮೊದಲ ಮೂರು ಸೆಕೆಂಡು ಏನೂ ಆದಂತೆ ಕಾಣುವುದಿಲ್ಲ, ಭಾರ ಮಾತ್ರ ಏರುತ್ತಿರುತ್ತದೆ. ಆಮೇಲೆ ಬಿಲ್ಲೆಯ ಚಪ್ಪಟೆ ಮುಖದ ನಡುವೆ ಕೂದಲೆಳೆಯ ಹಾಗೆ ಒಂದು ನೇರ ಗೆರೆ. ಅದು ಮೇಲಕ್ಕೂ ಕೆಳಕ್ಕೂ ಹರಿಯುತ್ತದೆ. ಒಳ್ಳೆಯ ಮಿಕ್ಸ್ ಆದರೆ ಬಿರುಕು ಅಗಲವಾಗುತ್ತಾ ಹೋದರೂ ನಡುವೆ ಡಾಂಬರಿನ ಎಳೆಗಳು ಎರಡೂ ಕಡೆಯನ್ನು ಹಿಡಿದಿರುತ್ತವೆ. ಭಾರ 0.1 ಕಿಲೋನ್ಯೂಟನ್‌ಗೆ ಇಳಿಯುವವರೆಗೂ ದಾಖಲಾಗಲಿ. ತುದಿ ಬಂತು ಅಂತ ಅವಸರದಲ್ಲಿ ನಿಲ್ಲಿಸಿದರೆ ಬೇಕಾದದ್ದೇ ಕಳೆದುಕೊಂಡಂತೆ. ಮಾರ್ಷಲ್ ಮಾಡಿ ಕೈ ಪಳಗಿದವರು ಮೊದಲ ದಿನ ಇದೇ ತಪ್ಪು ಮಾಡುತ್ತಾರೆ.

ಮೇಲಿನಿಂದ ಒತ್ತಿದರೆ ಅಡ್ಡಕ್ಕೆ ಯಾಕೆ ಸೀಳುತ್ತದೆ ಅಂತ ಹೊಸಬರು ಕೇಳುತ್ತಾರೆ. ದುಂಡಗಿನ ವಸ್ತುವನ್ನು ಮೇಲೆ ಕೆಳಗೆ ಅದುಮಿದರೆ ಅದು ಪಕ್ಕಕ್ಕೆ ಉಬ್ಬಲು ನೋಡುತ್ತದೆ, ನಡುವಿನಲ್ಲಿ ಎಳೆತ ಹುಟ್ಟುತ್ತದೆ. 1943ರಲ್ಲಿ ಬ್ರೆಜಿಲ್‌ನ ಎಂಜಿನಿಯರ್ ಫರ್ನಾಂಡೊ ಕಾರ್ನೇರೊ ಈ ಉಪಾಯವನ್ನು ಕಾಂಕ್ರೀಟಿಗೆ ಬಳಸಿದರು. ರಿಯೊ ನಗರದಲ್ಲಿ ದೊಡ್ಡ ರಸ್ತೆಗೆ ಅಡ್ಡ ಬಂದ ಹಳೆಯ ಚರ್ಚ್ ಒಂದನ್ನು ಕಾಂಕ್ರೀಟಿನ ಉರುಳೆಗಳ ಮೇಲೆ ಸರಿಸುವ ಯೋಚನೆ ಇತ್ತು. ಆ ಉರುಳೆಗಳು ಭಾರ ತಡೆಯುತ್ತವೆಯಾ ಅಂತ ನೋಡಲು ಹೊರಟಾಗ ಸಿಕ್ಕಿದ್ದು ಇದು. ಚರ್ಚ್ ಉಳಿಯಲಿಲ್ಲ, ಕೆಡವಿದರು. ಪರೀಕ್ಷೆ ಉಳಿಯಿತು. ಇವತ್ತಿಗೂ ಬ್ರೆಜಿಲಿಯನ್ ಟೆಸ್ಟ್ ಅಂತಲೇ ಕರೆಯುತ್ತಾರೆ.

ಗೆರೆ ಓದುವುದು, ಲೆಕ್ಕ ಮಾಡುವುದು

ಅಡ್ಡಕ್ಕೆ ಚಲನೆ, ಉದ್ದಕ್ಕೆ ಭಾರ ಹಾಕಿ ಎಕ್ಸೆಲ್‌ನಲ್ಲಿ ಗೆರೆ ಎಳೆಯಿರಿ. ಒಂದು ಗುಡ್ಡ ಕಾಣುತ್ತದೆ. ಅದರಿಂದ ಮೂರು ಅಂಕಿ ಬೇಕು.

ಒಂದು, ಗುಡ್ಡದ ಕೆಳಗಿನ ಪೂರ್ತಿ ಜಾಗ. ಭಾರ ಕಿಲೋನ್ಯೂಟನ್‌ನಲ್ಲಿ, ಚಲನೆ ಮಿ.ಮೀ.ನಲ್ಲಿ ಇದ್ದರೆ ಅದು ನೇರವಾಗಿ ಜೂಲ್‌ನಲ್ಲಿ ಬರುತ್ತದೆ. ಅದನ್ನು ಬಿಲ್ಲೆಯ ಅಡ್ಡಳತೆ ಮತ್ತು ದಪ್ಪದ (ಎರಡೂ ಮೀಟರಿನಲ್ಲಿ) ಗುಣಲಬ್ಧದಿಂದ ಭಾಗಿಸಿ, ಅದೇ ಒಡೆಯಲು ಹಿಡಿದ ಶಕ್ತಿ. ಎರಡು, ಇಳಿಜಾರು. ತುದಿ ದಾಟಿದ ಮೇಲೆ ಭಾರ ಶೇ 85ರಿಂದ ಶೇ 65ಕ್ಕೆ ಇಳಿಯುವ ತುಂಡು ಎಷ್ಟು ಕಡಿದಾಗಿದೆ ಅನ್ನುವುದು. ಮೂರು, ಭಾರ ತುದಿಯ ಶೇ 75ಕ್ಕೆ ಇಳಿದಾಗ ಒಟ್ಟು ಚಲನೆ ಎಷ್ಟು ಮಿ.ಮೀ. ಆಗಿತ್ತು ಅನ್ನುವುದು.

ಶಕ್ತಿಯನ್ನು ಇಳಿಜಾರಿನಿಂದ ಭಾಗಿಸಿ, ಮೂರನೇ ಅಂಕಿಯಿಂದ ಗುಣಿಸಿ, ಅಡ್ಡಳತೆಯಿಂದ ಭಾಗಿಸಿ. ಬಿಲ್ಲೆಯ ದಪ್ಪ 62 ಅಲ್ಲದಿದ್ದರೆ ದಪ್ಪವನ್ನು 62ರಿಂದ ಭಾಗಿಸಿದ್ದನ್ನೂ ಗುಣಿಸಿ. ಮಾನಕದ ಸೂತ್ರದಲ್ಲಿ ಹತ್ತು ಲಕ್ಷದ ಗುಣಕ ಇದೆ. ಇಳಿಜಾರನ್ನು ಮಿ.ಮೀ.ಗೆ ಕಿಲೋನ್ಯೂಟನ್ ಅಂತಲೇ ಇಟ್ಟುಕೊಂಡರೆ ಅದು ತಾನಾಗಿ ಹೊಡೆದುಹೋಗುತ್ತದೆ.

ಲೆಕ್ಕ ತೋರಿಸಲು ಎರಡು ಬಿಲ್ಲೆ ತೆಗೆದುಕೊಳ್ಳೋಣ. ಮೊದಲನೆಯದರ ತುದಿ ಭಾರ 14.6 ಕಿಲೋನ್ಯೂಟನ್. ಗುಡ್ಡದ ಕೆಳಗೆ 80 ಜೂಲ್. 80ನ್ನು 0.150 × 0.062ರಿಂದ ಭಾಗಿಸಿದರೆ ಚದರ ಮೀಟರಿಗೆ 8,602 ಜೂಲ್. 14.6ರ ಶೇ 85 ಅಂದರೆ 12.4, ಶೇ 65 ಅಂದರೆ 9.5. ಅಷ್ಟು ಇಳಿಯಲು 0.73 ಮಿ.ಮೀ. ಹಿಡಿಯಿತು, ಹಾಗಾಗಿ ಇಳಿಜಾರು ಸುಮಾರು 4. ಶೇ 75ರ ಹೊತ್ತಿಗೆ ಚಲನೆ 4.5 ಮಿ.ಮೀ. 8,602ನ್ನು 4ರಿಂದ ಭಾಗಿಸಿ, 4.5ರಿಂದ ಗುಣಿಸಿ, 150ರಿಂದ ಭಾಗಿಸಿದರೆ ಸುಮಾರು 64.5. ಇದೇ ಸಿಟಿ ಇಂಡೆಕ್ಸ್.

ಎರಡನೆಯದು ಮಾಗಿದ, ಡಾಂಬರು ಕಡಿಮೆ ಇರುವ ಮಿಕ್ಸ್. ತುದಿ ಭಾರ 20 ಕಿಲೋನ್ಯೂಟನ್. ಗುಡ್ಡದ ಕೆಳಗೆ ಅದೇ 80 ಜೂಲ್. ಆದರೆ ಗುಡ್ಡ ಕಿರಿದು, ಎತ್ತರ. ಇಳಿಜಾರು 8, ಶೇ 75ರಲ್ಲಿ ಚಲನೆ 3.2 ಮಿ.ಮೀ. ಅಂಕ 23.

ತುದಿ ಭಾರದಿಂದ ಲೆಕ್ಕ ಹಾಕಿದರೆ ಎರಡನೇ ಬಿಲ್ಲೆಯ ಎಳೆತ ತಡೆಯುವ ಬಲ 1.37 ಮೆಗಾಪಾಸ್ಕಲ್, ಮೊದಲನೆಯದು 1.0. ಬಲವನ್ನೇ ನೋಡಿದ್ದರೆ ಎರಡನೆಯದಕ್ಕೆ ಮೊದಲ ಸ್ಥಾನ ಕೊಡುತ್ತಿದ್ದೆವು. ಒಡೆಯಲು ಹಿಡಿದ ಶಕ್ತಿಯನ್ನು ನೋಡಿದ್ದರೆ ಎರಡೂ ಸಮ. ಹೇಗೆ ಸೋತವು ಅಂತ ನೋಡಿದಾಗ ಮಾತ್ರ ಖಡಕ್ ರೊಟ್ಟಿ ಯಾವುದು ಅಂತ ಗೊತ್ತಾಗುತ್ತದೆ.

ಕನಿಷ್ಠ ಮೂರು ಬಿಲ್ಲೆ ಒತ್ತಬೇಕು. ನಾನು ಐದು ಮಾಡುತ್ತೇನೆ. ಈ ಅಂಕ ಸ್ವಲ್ಪ ಚೆಲ್ಲಾಡುತ್ತದೆ, ಒಂದೇ ಮಿಕ್ಸ್‌ನಲ್ಲಿ ಶೇ 15-20ರ ಏರುಪೇರು ಮಾಮೂಲಿ. 62 ಬಂದ ಮಿಕ್ಸ್, 68 ಬಂದ ಮಿಕ್ಸ್ ಎರಡರಲ್ಲಿ ಒಂದು ಮೇಲು ಅಂತ ಜಗಳ ಮಾಡಬೇಡಿ. 23ಕ್ಕೂ 64ಕ್ಕೂ ಇರುವುದೇ ನಿಜವಾದ ವ್ಯತ್ಯಾಸ.

ಒಡೆದ ಮುಖ ನೋಡಿ

ಕಂಪ್ಯೂಟರಿನಲ್ಲಿ ಅಂಕ ಬಂತು ಅಂತ ಬಿಲ್ಲೆಯನ್ನು ಎಸೆಯಬೇಡಿ. ಕೈಯಿಂದ ಎರಡು ಹೋಳು ಮಾಡಿ ಕಿಟಕಿ ಬೆಳಕಿಗೆ ಹಿಡಿಯಿರಿ. ಮುಖವೆಲ್ಲ ಕರಿ ಮಿಂಚಿದರೆ ಡಾಂಬರು ಸಾಕಷ್ಟಿದೆ. ಕಂದು ಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಡಾಂಬರು ಕಡಿಮೆ, ಇಲ್ಲವೇ ಪ್ಲಾಂಟಿನಲ್ಲಿ ಸುಟ್ಟಿದೆ. ಜಲ್ಲಿ ಬೋಳಾಗಿ, ತೊಳೆದ ಹಾಗೆ ಕಂಡರೆ ಡಾಂಬರು ಅದಕ್ಕೆ ಹಿಡಿದೇ ಇಲ್ಲ. ಧೂಳು ಮೆತ್ತಿದ ಜಲ್ಲಿ ಇರಬಹುದು. ಜಲ್ಲಿಯೇ ಸೀಳಿ ಹೊಸ ಮುಖ ಹೊಳೆಯುತ್ತಿದ್ದರೆ ಕಲ್ಲು ಮೆದು, ಅಥವಾ ಡಾಂಬರು ಕಲ್ಲಿಗಿಂತ ಗಟ್ಟಿಯಾಗಿಬಿಟ್ಟಿದೆ. ಒಂದು ಫೋಟೊ ತೆಗೆದಿಡಿ. ಅಂಕ ಯಾಕೆ ಇಳಿಯಿತು ಅನ್ನುವುದಕ್ಕೆ ಎಷ್ಟೋ ಸಲ ಉತ್ತರ ಈ ಫೋಟೊದಲ್ಲೇ ಸಿಕ್ಕಿದೆ.

ಅಂಕ ಬಂದ ಮೇಲೆ

ಎಷ್ಟು ಬಂದರೆ ಪಾಸ್? ಅಮೆರಿಕದ ವರ್ಜೀನಿಯಾ ರಾಜ್ಯ ಕನಿಷ್ಠ 70 ಕೇಳುತ್ತದೆ. ನಮ್ಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ಸ್ಪೆಸಿಫಿಕೇಶನ್‌ನಲ್ಲಿ ಈ ಅಂಕಕ್ಕೆ ಮಿತಿ ಇಲ್ಲ. ಸುಮ್ನೆ ವರ್ಜೀನಿಯಾದ 70 ತಂದು ಇಲ್ಲಿ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಅವರ ಡಾಂಬರು ಬೇರೆ, ಹವೆ ಬೇರೆ. ನಾವು ವಿಜಿ-40 ಅನ್ನುವ ಗಟ್ಟಿ ದರ್ಜೆಯ ಡಾಂಬರು ಹಾಕಿದರೆ ಅದಕ್ಕಿಂತ ಮೆತ್ತಗಿನ ವಿಜಿ-30ಕ್ಕಿಂತ ಅಂಕ ಸಾಮಾನ್ಯವಾಗಿ ಕೆಳಗೇ ಬರುತ್ತದೆ. ನಿಮ್ಮ ಭಾಗದಲ್ಲಿ ಎಂಟು ಹತ್ತು ವರ್ಷ ಚೆನ್ನಾಗಿ ಬಾಳಿದ ರಸ್ತೆಯ ಮಿಕ್ಸ್ ಯಾವುದು ಅಂತ ಹುಡುಕಿ. ಅದೇ ಜಲ್ಲಿ, ಅದೇ ಅಳತೆ, ಅದೇ ಗ್ರೇಡಿನ ಡಾಂಬರು ಹಾಕಿ ಲ್ಯಾಬಿನಲ್ಲಿ ಕಲಸಿ ಒತ್ತಿ. ಬೇಗ ಬಿರುಕು ಬಿಟ್ಟ ರಸ್ತೆಯ ಮಿಕ್ಸನ್ನೂ ಹಾಗೇ ಮಾಡಿ. ಎರಡರ ನಡುವೆ ಎಲ್ಲೋ ನಿಮ್ಮ ಗೆರೆ ಇದೆ.

ಅಂಕ ಏರಿಸುವುದು ಕಷ್ಟವಲ್ಲ. ಡಾಂಬರು ಅರ್ಧ ಪರ್ಸೆಂಟ್ ಜಾಸ್ತಿ ಮಾಡಿದರೆ ಏರುತ್ತದೆ. ಕೆತ್ತಿ ತೆಗೆದ ಹಳೆಯ ಡಾಂಬರಿನ ಪಾಲು ಇಳಿಸಿದರೆ ಏರುತ್ತದೆ. ಆದರೆ ಏರಿಸುತ್ತಾ ಹೋದರೆ ಬೇಸಿಗೆಯಲ್ಲಿ ರಸ್ತೆ ಮೆತ್ತಗಾಗಿ ಚಕ್ರದ ಜಾಗ ಗುಂಡಿ ಬೀಳುತ್ತದೆ. ಹಾಗಾಗಿ ಬಿರುಕಿನ ಪರೀಕ್ಷೆಯ ಜೊತೆ ಚಕ್ರ ಓಡಿಸುವ ಪರೀಕ್ಷೆ ಇರಲೇಬೇಕು. ಹ್ಯಾಂಬರ್ಗ್ ಯಂತ್ರದಲ್ಲಿ 50 ಡಿಗ್ರಿ ನೀರಿನಲ್ಲಿ ಉಕ್ಕಿನ ಚಕ್ರವನ್ನು 20,000 ಸಲ ಓಡಿಸಿ ಎಷ್ಟು ತಗ್ಗು ಬಿತ್ತು ಅಂತ ನೋಡುತ್ತಾರೆ. ಎರಡರಲ್ಲೂ ನಿಂತ ಮಿಕ್ಸ್ ಬೇಕು.

ಪಾಲಿಮರ್ ಬೆರೆಸಿದ ಡಾಂಬರಿಗೆ ಸಿಟಿ ಇಂಡೆಕ್ಸ್ ಯಾವಾಗಲೂ ನ್ಯಾಯ ಮಾಡುವುದಿಲ್ಲ. ತುದಿ ಭಾರ ಏರಿ ಇಳಿಜಾರೂ ಕಡಿದಾಗುತ್ತದೆ. ರಸ್ತೆಯಲ್ಲಿ ಚೆನ್ನಾಗಿ ಬಾಳುವ ಮಿಕ್ಸ್ ಲ್ಯಾಬಿನಲ್ಲಿ ಹಿಂದೆ ಬೀಳಬಹುದು. ಅಂಥ ಕಡೆ ನಾಲ್ಕು ಬಿಂದುಗಳಲ್ಲಿ ಹಿಡಿದು ತೊಲೆಯನ್ನು ಬಗ್ಗಿಸುವ ಪರೀಕ್ಷೆಯೇ ಸರಿ. 380 ಮಿ.ಮೀ. ಉದ್ದದ ತೊಲೆಯನ್ನು ಸೆಕೆಂಡಿಗೆ 10 ಸಲದಂತೆ ಬಗ್ಗಿಸುತ್ತಾರೆ. ದಿನಗಟ್ಟಲೆ ಹಿಡಿಯುತ್ತದೆ, ಯಂತ್ರ ದುಬಾರಿ, ಆದರೆ ದಣಿವಿನ ಬಿರುಕಿಗೆ ಅದಕ್ಕಿಂತ ಹತ್ತಿರದ ಪರೀಕ್ಷೆ ಇಲ್ಲ. ಇಲಿನಾಯ್‌ನಲ್ಲಿ ರೂಪಿಸಿದ ಅರ್ಧಚಂದ್ರದ ಪರೀಕ್ಷೆಯೂ ಇದೆ. 50 ಮಿ.ಮೀ. ದಪ್ಪದ ಅರ್ಧ ಬಿಲ್ಲೆಗೆ 15 ಮಿ.ಮೀ. ಕಚ್ಚು ಕೊರೆದು ಒತ್ತುತ್ತಾರೆ. ಅಲ್ಲಿ ಕನಿಷ್ಠ ಅಂಕ 8. ಒಳ್ಳೆಯ ಗರಗಸ ಇರುವವರಿಗೆ ಅದು ಚೆನ್ನ.

ಇನ್ನು ರಿಜಿಸ್ಟರ್. ಮಾರ್ಷಲ್ ಕಾಲಂಗಳ ಪಕ್ಕದಲ್ಲಿ ಪ್ರತಿ ಬಿಲ್ಲೆಯ ಏರ್ ವಾಯ್ಡ್ಸ್, ಮಾಗಿಸಿದ ಬಗೆ, ಮತ್ತೆ ಕಾಯಿಸಿದ್ದೋ ಇಲ್ಲವೋ, ಒತ್ತುವಾಗಿನ ಉಷ್ಣತೆ, ತುದಿ ಭಾರ, ಇಳಿಜಾರು, ಅಂಕ ಬರೆಯಿರಿ. ಆ ಮಿಕ್ಸ್ ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿಗೆ ಹೋಯಿತು ಅಂತಲೂ ಬರೆಯಿರಿ. ಕೊನೆಗೆ ಒಂದು ಕಾಲಂ ಖಾಲಿ ಬಿಡಿ. ಎರಡು ಮಳೆಗಾಲ ಕಳೆದ ಮೇಲೆ ನೀವೇ ಆ ಜಾಗಕ್ಕೆ ಹೋಗಿ, ಚಕ್ರ ಓಡುವ ಜಾಗದಲ್ಲಿ ಕೂತು ನೋಡಿ ಬಂದು, ಅದನ್ನು ತುಂಬಿ.